ಕೌದಿ, ಧ್ವಜ ಮತ್ತು ತಂತ್ರಾಂಶ: ಅಗತ್ಯ ಸಂಗ್ರಹದ ಒಂದು ಜಾನಪದೀಯ ವಿವೇಚನೆ

ತಂತ್ರಾಂಶವೊಂದನ್ನು ರಚಿಸುವಾಗ ಅದರ ಬಳಕೆದಾರರಿಗೆ ಏನು ಬೇಕೆಂಬುದನ್ನು ಅರಿಯುವ ಕ್ರಮಕ್ಕೆ ‘ಅಗತ್ಯ ಸಂಗ್ರಹ’ವೆಂದು ಹೆಸರು. ಜಾನಪದ ಸಾಮಗ್ರಿಯು ಗಣಕಕ್ಕೆ ಸೇರುತ್ತಿರುವ ಇಂದಿನ ಸಂದರ್ಭದಲ್ಲಿ ಈ ಪರಿಕಲ್ಪನೆಯು ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ್ದಾಗಿದೆ. ಈ ಕ್ರಮವನ್ನೂ ಅದಕ್ಕೆ ಹೊಸ ರೂಪ ಕೊಟ್ಟ ‘ಅಜೈಲ್’ ಪದ್ಧತಿಯನ್ನೂ ಹುಬ್ಬಳ್ಳಿ-ಧಾರವಾಡ ಪರಿಸರದ ಎರಡು ಹೊಲಿಗೆಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ಮಾದರಿಗಳು

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿ ರಾಷ್ಟ್ರಧ್ವಜದ ತಯಾರಿಕೆಗೆ ಹೆಸರಾಗಿದೆ. 3:2ರ ಪ್ರಮಾಣ, ಒಂಬತ್ತು ನಿಗದಿತ ಅಳತೆಗಳು, ಚಕ್ರದ 24 ಅರಗಳು, ಇವೆಲ್ಲವೂ ಮೊದಲ ಹೊಲಿಗೆ ಬೀಳುವ ಮುನ್ನವೇ ನಿರ್ಣಯವಾಗಿರುತ್ತವೆ. ತಂತ್ರಾಂಶ ಕ್ಷೇತ್ರದಲ್ಲಿ ಇದಕ್ಕೆ ಸಮಾನವಾದುದು ‘ಜಲಪಾತ ಮಾದರಿ’. ಅಗತ್ಯ, ವಿನ್ಯಾಸ, ರಚನೆ, ಪರೀಕ್ಷೆಗಳು ಒಂದರ ನಂತರ ಒಂದರಂತೆ ಇಳಿದು ಬರುತ್ತವೆ. ಈ ಕ್ರಮವನ್ನು 1970ರ ಲೇಖನದಲ್ಲಿ ಚಿತ್ರಿಸಿದ ವಿನ್‌ಸ್ಟನ್ ರಾಯ್ಸ್ ಅವರೇ ಅದರ ಅಪಾಯವನ್ನೂ ಸೂಚಿಸಿದ್ದರೆಂಬುದು ಗಮನಾರ್ಹ.

ಕೌದಿಯ ರೀತಿ ಬೇರೆ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳು ಕೈಗೆ ಬಂದಂತೆ ಅದರ ರೂಪ ನಿಶ್ಚಯವಾಗುತ್ತದೆ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ತೊಡಗಿ, ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ. ಒಂದು ಸುತ್ತು ಮುಗಿದಾಗಲೇ ಮುಂದಿನ ಸುತ್ತಿಗೆ ಯಾವ ತುಂಡು ಒಪ್ಪುತ್ತದೆಂಬುದು ಕಾಣುತ್ತದೆ.

2. ಅಜೈಲ್ ಪರಿಕಲ್ಪನೆಗಳು

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ತಜ್ಞರು ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದರು. ನಾಲ್ಕು ಮೌಲ್ಯಗಳನ್ನೂ ಹನ್ನೆರಡು ತತ್ವಗಳನ್ನೂ ಒಳಗೊಂಡ ಇದು ದಾಖಲೆ, ಕರಾರು, ಯೋಜನೆಗಳನ್ನು ತಿರಸ್ಕರಿಸುವುದಿಲ್ಲ. ಆದರೆ ಮನುಷ್ಯರ ನಡುವಣ ಸಂವಾದಕ್ಕೆ, ಕೆಲಸ ಮಾಡುವ ತಂತ್ರಾಂಶಕ್ಕೆ, ಬಳಕೆದಾರರ ಸಹಭಾಗಿತ್ವಕ್ಕೆ ಹಾಗೂ ಬದಲಾವಣೆಗೆ ಸ್ಪಂದಿಸುವುದಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ. ಇದರ ಪ್ರಚಲಿತ ರೂಪವಾದ ‘ಸ್ಕ್ರಮ್’ನಲ್ಲಿ ಕೆಲಸವನ್ನು ಒಂದು ತಿಂಗಳಿಗೆ ಮೀರದ ‘ಸ್ಪ್ರಿಂಟ್’ಗಳಾಗಿ ವಿಂಗಡಿಸಲಾಗುತ್ತದೆ. ಆಗಬೇಕಾದ ಕೆಲಸಗಳ ಆದ್ಯತಾ ಪಟ್ಟಿಯೇ ‘ಬ್ಯಾಕ್‌ಲಾಗ್’. ಪ್ರತಿ ಸ್ಪ್ರಿಂಟ್‌ನ ಕೊನೆಗೆ ಬಳಸಬಹುದಾದ ಭಾಗವೊಂದು ಸಿದ್ಧವಾಗಬೇಕು. ಕೌದಿಯ ಹೋಲಿಕೆಯ ಮಿತಿ ಇಲ್ಲಿಯೇ ಇದೆ: ಅರೆಹೊಲಿದ ಕೌದಿಯನ್ನು ಹೊದೆಯಲಾಗದು.

3. ಕಥೆ ಮತ್ತು ಕ್ಷೇತ್ರಕಾರ್ಯ

ಈ ಪದ್ಧತಿಯಲ್ಲಿ ಅಗತ್ಯವನ್ನು ‘ಬಳಕೆದಾರ ಕಥೆ’ಯಾಗಿ ಬರೆಯುತ್ತಾರೆ. ಯಾರಿಗೆ, ಏನು, ಏತಕ್ಕಾಗಿ ಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ರಾನ್ ಜೆಫ್ರೀಸ್ 2001ರಲ್ಲಿ ಇದಕ್ಕೆ ಚೀಟಿ, ಮಾತುಕತೆ, ದೃಢೀಕರಣ ಎಂಬ ಮೂರು ಅಂಗಗಳನ್ನು ಗುರುತಿಸಿದರು. ಚೀಟಿಯು ಮಾತುಕತೆಗೆ ನೆಪ ಮಾತ್ರ. ಪಠ್ಯವನ್ನು ಸಂದರ್ಭದೊಡನೆಯೇ ದಾಖಲಿಸಬೇಕೆಂದು ಅಲನ್ ಡಂಡೆಸ್ 1964ರಲ್ಲಿ ಮಂಡಿಸಿದ ವಿಚಾರಕ್ಕೆ ಇದು ಬಹು ಸಮೀಪವಾದುದು. ಪ್ರಶ್ನಾವಳಿಗೆ ದೊರೆತ ಉತ್ತರಕ್ಕೂ ವಕ್ತೃವಿನ ನಿಜವಾದ ನಡೆಗೂ ಅಂತರವಿರುವುದನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಆದ್ದರಿಂದಲೇ ಸಂದರ್ಶನದೊಡನೆ ಅವಲೋಕನವೂ ಅಗತ್ಯ ಸಂಗ್ರಹದ ವಿಧಾನವಾಗಿದೆ.

ಬೀಸುವ ಪದಗಳ ಧ್ವನಿಸಂಗ್ರಹವೊಂದಕ್ಕೆ ತಂತ್ರಾಂಶ ಬೇಕಾಗಿದೆಯೆಂದು ಭಾವಿಸೋಣ. ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು ಎಂಬ ಮೂರು ಕಾಲಂಗಳು ಕಚೇರಿಗೆ ಸಾಕೆನಿಸಬಹುದು. ಸಂಶೋಧಕನು ಪಾಠಾಂತರಗಳನ್ನು ಹೋಲಿಸಬಯಸುತ್ತಾನೆ. ಹಾಡಿದಾಕೆಯು ತನ್ನ ಹಾಡನ್ನು ಯಾರು ಕೇಳಬಹುದೆಂದು ವಿಚಾರಿಸುತ್ತಾಳೆ; ಜೊತೆಗೆ ದನಿಗೂಡಿಸಿದ ನೆರೆಯವಳ ಹೆಸರೂ ಇರಲೆನ್ನುತ್ತಾಳೆ. ಈ ಅಗತ್ಯಗಳು ಆಕೆಯ ಎದುರು ಕುಳಿತಾಗಲೇ ಹೊರಬರುತ್ತವೆ. ಇಪ್ಪತ್ತು ಹಾಡುಗಳಿಗೆ ಮೊದಲ ರೂಪವನ್ನು ಸಿದ್ಧಪಡಿಸಿ, ಹಾಡಿದವರಿಗೂ ಸಂಶೋಧಕರಿಗೂ ತೋರಿಸಿ, ತಿದ್ದಿ, ಅನಂತರ ವಿಸ್ತರಿಸುವುದು ಸೂಕ್ತ ಮಾರ್ಗ.

4. ಸಮಾರೋಪ

ಅಗತ್ಯವು ಪೂರ್ವನಿಶ್ಚಿತವಾಗಿರುವಲ್ಲಿ ಧ್ವಜದ ಕ್ರಮವೂ, ಕೆಲಸ ನಡೆದಂತೆ ಸ್ಪಷ್ಟಗೊಳ್ಳುವಲ್ಲಿ ಕೌದಿಯ ಕ್ರಮವೂ ಯುಕ್ತ. ಸಂಗ್ರಹಾಲಯಕ್ಕೆ ಎರಡೂ ಬೇಕು: ಅಕ್ಷರ ಸಂಕೇತ ಮತ್ತು ಕಡತದ ಸ್ವರೂಪಗಳು ಧ್ವಜದಂತೆ ಸ್ಥಿರವಾಗಿರಬೇಕು, ವಿವರಣೆಯ ಚೌಕಟ್ಟು ಕೌದಿಯಂತೆ ಬೆಳೆಯಬೇಕು. ತಂತ್ರಾಂಶವನ್ನು ಮುಂದೆಂದಾದರೂ ತಿದ್ದಬಹುದು. ಆದರೆ ಹಾಡಿದಾಕೆ ತೀರಿಕೊಂಡ ಮೇಲೆ, ಆಕೆಯನ್ನು ಕೇಳದೆ ಬಿಟ್ಟ ಕಾಲಂ ಅನ್ನು ತುಂಬಿಕೊಡುವವರು ಯಾರೂ ಇರುವುದಿಲ್ಲ.