ಸಿಂಪರಣೆಗೆ ಬಳಸುವ ಗಮ್‌ಬೂಟುಗಳ ನಿರ್ವಹಣೆ

ಬೆಳೆಗಳಿಗೆ ಕೀಟನಾಶಕ, ಶಿಲೀಂಧ್ರನಾಶಕ ಅಥವಾ ಕಳೆನಾಶಕ ಸಿಂಪಡಿಸುವಾಗ ಮುಖಗವಸು ಮತ್ತು ಕೈಗವಸುಗಳಿಗೆ ಕೊಡುವಷ್ಟು ಗಮನವನ್ನು ನಾವು ಕಾಲಿಗೆ ಕೊಡುವುದಿಲ್ಲ. ಬೆನ್ನಿಗೆ ಹೊರುವ ಪಂಪಿನಿಂದ ಸಿಂಪಡಿಸುತ್ತಾ ಮುಂದೆ ಸಾಗುವವರು ತಾವೇ ಆಗತಾನೆ ತೋಯಿಸಿದ ಎಲೆಗಳ ನಡುವೆ ನಡೆಯುತ್ತಾರೆ. ಹೀಗಾಗಿ ಹತ್ತಿ, ತೊಗರಿ, ಭತ್ತದಂತಹ ಬೆಳೆಗಳಲ್ಲಿ ಕಾಲುಗಳು ಬಹುಬೇಗ ತೋಯುತ್ತವೆ. 1971ರ ಕೀಟನಾಶಕ ನಿಯಮಗಳು ರಕ್ಷಣಾ ಉಡುಪುಗಳ ಪಟ್ಟಿಯಲ್ಲಿ ಬೂಟುಗಳನ್ನೂ ಸೇರಿಸಿವೆ.

ಆದರೆ ಬೂಟು ಧರಿಸಿದ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದು ಭಾವಿಸಬಾರದು. ಬರಿಗಾಲಿಗೆ ತಾಗಿದ ದ್ರಾವಣವನ್ನು ಕೂಡಲೇ ತೊಳೆದುಕೊಳ್ಳಬಹುದು. ಬೂಟಿನ ಒಳಗೆ ಇಳಿದ ದ್ರಾವಣವು ಬೆವರಿದ ಚರ್ಮಕ್ಕೆ ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಒಳಭಾಗ ಕಲುಷಿತಗೊಂಡ ಬೂಟನ್ನು ಮರುದಿನ ಧರಿಸಿದರೆ, ಅಂದು ಸಿಂಪರಣೆ ಮಾಡದಿದ್ದರೂ ವಿಷ ದೇಹವನ್ನು ಸೇರುತ್ತದೆ. ಆದ್ದರಿಂದ ಪ್ಯಾಂಟನ್ನು ಬೂಟಿನ ಒಳಗೆ ತುರುಕದೆ, ಅದರ ತುದಿ ಬೂಟಿನ ಮೇಲೆ ಇಳಿಯುವಂತೆ ಹೊರಗೆ ಬಿಡಬೇಕು. ಒಳಗೆ ತುರುಕಿದರೆ ಬಟ್ಟೆಯ ಮೇಲೆ ಬಿದ್ದ ಹನಿಗಳು ಹರಿದು ನೇರವಾಗಿ ಪಾದಕ್ಕೆ ಇಳಿಯುತ್ತವೆ.

ಚರ್ಮದ ಮತ್ತು ಕ್ಯಾನ್ವಾಸಿನ ಬೂಟುಗಳು ಸಿಂಪರಣೆಗೆ ಸೂಕ್ತವಲ್ಲ. ಅವು ಔಷಧವನ್ನು ಹೀರಿಕೊಳ್ಳುತ್ತವೆ. ಎಷ್ಟು ತೊಳೆದರೂ ಪೂರ್ಣವಾಗಿ ಶುದ್ಧವಾಗುವುದಿಲ್ಲ. ರಬ್ಬರ್ ಅಥವಾ ಪಿವಿಸಿ ಬೂಟುಗಳನ್ನೇ, ಸಾಧ್ಯವಾದಷ್ಟು ಒಳಗೆ ಬಟ್ಟೆಯ ಪದರವಿಲ್ಲದವನ್ನು, ಆರಿಸಿಕೊಳ್ಳಿ. ಖರೀದಿಸುವಾಗ ಐಎಸ್‌ಐ ಗುರುತನ್ನು ನೋಡಿರಿ: ರಬ್ಬರ್ ಬೂಟಿಗೆ ಐಎಸ್ 5557, ಪಿವಿಸಿ ಬೂಟಿಗೆ ಐಎಸ್ 12254.

ತೊಳೆಯುವ ಕೆಲಸವು ಬೂಟನ್ನು ಕಳಚುವ ಮೊದಲೇ ಆರಂಭವಾಗಬೇಕು. ಕೈಗವಸು ಧರಿಸಿರುವಾಗಲೇ ಬೂಟಿನ ಹೊರಮೈಗೆ ಸೋಪಿನ ನೀರು ಹಾಕಿ, ಅಟ್ಟೆಯ ಗೆರೆಗಳಲ್ಲಿ ಸಿಲುಕಿದ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಔಷಧ ಕುಳಿತಿರುವುದು ಹೆಚ್ಚಾಗಿ ಈ ಮಣ್ಣಿನಲ್ಲಿಯೇ. ನಂತರ ಬೂಟನ್ನು ಕಳಚಿ, ಒಳಭಾಗವನ್ನೂ ಸೋಪಿನ ನೀರಿನಿಂದ ತೊಳೆದು, ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ಜಾಲಾಡಿಸಬೇಕು. ಕೈಗವಸನ್ನು ತೊಳೆದು ಕೊನೆಯಲ್ಲಿ ತೆಗೆಯತಕ್ಕದ್ದು. ಕಾಲುವೆ, ಕೆರೆ ಅಥವಾ ಬಾವಿಯ ಬಳಿ ಬೂಟು ತೊಳೆಯಬೇಡಿ. ತೊಳೆದ ನೀರನ್ನು ಸಿಂಪರಣೆ ಮಾಡಿದ ಹೊಲದಲ್ಲಿಯೇ ಚೆಲ್ಲಿರಿ. ಕಾಲುಚೀಲಗಳನ್ನು ಮನೆಯ ಬಟ್ಟೆಗಳೊಂದಿಗೆ ಸೇರಿಸದೆ ಬೇರೆಯಾಗಿ ಒಗೆಯಬೇಕು.

ಒಣಗಿಸುವಾಗ ಆಗುವ ತಪ್ಪಿನಿಂದಲೇ ಅನೇಕ ಬೂಟುಗಳು ಹಾಳಾಗುತ್ತವೆ. ಬಿಸಿಲಿನ ತಾಪಕ್ಕೆ ರಬ್ಬರ್ ಬಿರುಕು ಬಿಡುತ್ತದೆ, ಒಲೆಯ ಬಳಿ ಇಟ್ಟ ಪಿವಿಸಿ ಸೊಟ್ಟಗಾಗಿ ಗಡುಸಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲೆ ತೂಗುಹಾಕುವ ಅಭ್ಯಾಸವನ್ನು ಬಿಡಬೇಕು. ಒಳಗೆ ಹಳೆಯ ಪತ್ರಿಕೆಯ ಹಾಳೆ ಅಥವಾ ಒಣಹುಲ್ಲು ತುಂಬಿದರೆ ತೇವ ಬೇಗ ಹೀರುತ್ತದೆ. ಬಳಿಕ ಅದನ್ನು ತೆಗೆದು, ನೆರಳಿನಲ್ಲಿ ಗಾಳಿಯಾಡುವ ಕಡೆ ಎರಡು ಗೂಟ ನೆಟ್ಟು ಬೂಟುಗಳನ್ನು ತಲೆಕೆಳಗಾಗಿ ನಿಲ್ಲಿಸಿರಿ. ತೇವದ ಬೂಟನ್ನೇ ಮತ್ತೆ ಮತ್ತೆ ಧರಿಸಿದರೆ ಕಾಲ್ಬೆರಳ ಸಂದಿಗಳಲ್ಲಿ ಕೆಸರುಹುಣ್ಣಾಗುತ್ತದೆ, ಒಡೆದ ಚರ್ಮದ ಮೂಲಕ ವಿಷ ಇನ್ನೂ ಸುಲಭವಾಗಿ ಒಳಹೊಗುತ್ತದೆ. ಹೇಗೆ ಇಟ್ಟಿದ್ದರೂ ಧರಿಸುವ ಮುನ್ನ ಬೂಟನ್ನು ಬೋರಲಾಗಿ ಕೊಡವಲು ಮರೆಯದಿರಿ. ಚೇಳು ಸೇರಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ‘ಇ.ಸಿ.’ ಎಂದು ಮುದ್ರಿತವಾದ ಔಷಧಗಳಲ್ಲಿಯೂ ಇಂತಹ ದ್ರಾವಕಗಳಿರುವುದು ಸಾಮಾನ್ಯ. ಆದ್ದರಿಂದ ಔಷಧ ಬೆರೆಸುವಾಗ ಬೂಟಿನ ಮೇಲೆ ಚೆಲ್ಲಿದರೆ ಕೆಲಸ ಮುಗಿಯುವವರೆಗೆ ಕಾಯದೆ ಆಗಲೇ ತೊಳೆಯಬೇಕು. ಅಚ್ಚ ಔಷಧವೇ ಒಳಗಿನ ಬಟ್ಟೆಯ ಪದರಕ್ಕೆ ಇಳಿದಿದ್ದರೆ ಆ ಬೂಟಿನ ಮೇಲಿನ ಆಸೆಯನ್ನು ಬಿಟ್ಟುಬಿಡುವುದೇ ಲೇಸು.

ಹಂಗಾಮಿನ ಆರಂಭದಲ್ಲಿ ಒಮ್ಮೆ ಸೋರಿಕೆ ಪರೀಕ್ಷೆ ಮಾಡಿರಿ. ಬೂಟಿನಲ್ಲಿ ಗೇಣುದ್ದ ನೀರು ತುಂಬಿ, ಒಣಗಿದ ಪತ್ರಿಕೆಯ ಹಾಳೆಯ ಮೇಲೆ ಅರ್ಧ ಗಂಟೆ ನಿಲ್ಲಿಸಿದರೆ ಸಾಕು, ಹಾಳೆಯ ಮೇಲಿನ ಕಲೆಯೇ ತೂತನ್ನು ತೋರಿಸುತ್ತದೆ. ರಬ್ಬರ್ ಬೂಟಿಗೆ ಸೈಕಲ್ ಟ್ಯೂಬಿನ ಪ್ಯಾಚ್ ಹಿಡಿಯುತ್ತದೆ. ಪಿವಿಸಿಗೆ ಆ ಸಲ್ಯೂಷನ್ ಸರಿಯಾಗಿ ಅಂಟುವುದಿಲ್ಲ. ಪ್ಯಾಚ್ ಹಾಕಿದ ಬೂಟನ್ನು ಚೆನ್ನಾಗಿ ತೊಳೆದು ಬದು ಕಡಿಯಲು, ನೀರು ಹಾಯಿಸಲು ಬಳಸಿಕೊಳ್ಳಬಹುದು, ಸಿಂಪರಣೆಗೆ ಬೇಡ. ಆಳವಾದ ಕೆಸರುಗದ್ದೆಯ ನಾಟಿಗೆ ಮಾತ್ರ ಗಮ್‌ಬೂಟು ಅನುಕೂಲವಲ್ಲ, ಹೆಜ್ಜೆ ಕಿತ್ತಿಡುವುದೇ ಕಷ್ಟವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಬೂಟು ವಿತರಿಸುವಾಗ ಪಾದದ ಅಳತೆಯನ್ನು, ಅದರಲ್ಲಿಯೂ ಮಹಿಳೆಯರ ಅಳತೆಯನ್ನು, ಮೊದಲೇ ಪಡೆಯಬೇಕು. ಸಡಿಲವಾದ ಬೂಟು ಅಟ್ಟದ ಮೇಲೆ ಉಳಿಯುತ್ತದೆ. ಪ್ರಾತ್ಯಕ್ಷಿಕೆಯಲ್ಲಿ ಧರಿಸುವುದನ್ನು ತೋರಿಸುವುದಕ್ಕಿಂತ ತೊಳೆದು ಕಳಚುವುದನ್ನು ತೋರಿಸಲು ಹೆಚ್ಚು ಸಮಯ ಕೊಡುವುದು ಸೂಕ್ತ.

ಬಿರುಕು ಬಿಟ್ಟ, ಔಷಧದ ವಾಸನೆ ಹೋಗದ ಬೂಟುಗಳನ್ನು ಯಾರಿಗೂ ದಾನ ಕೊಡಬೇಡಿ. ಸುಡಲೂ ಬೇಡಿ, ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ. ತೊಳೆದು, ಮತ್ತೊಬ್ಬರು ಧರಿಸಲಾಗದಂತೆ ಕತ್ತರಿಸಿ, ಖಾಲಿ ಔಷಧ ಡಬ್ಬಿಗಳೊಂದಿಗೆ ಮಕ್ಕಳ ಕೈಗೆ ಸಿಗದಂತೆ ಬೇರೆಯಾಗಿ ಇರಿಸಿ, ಸುರಕ್ಷಿತ ವಿಲೇವಾರಿಗಾಗಿ ಗ್ರಾಮ ಪಂಚಾಯಿತಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.