ಎಂಟು ಕೂಡಿದರೆ ಮೂವತ್ತೆರಡು: ದೂರವ್ಯಾಪ್ತಿ ಬಲಗಳ ಲೆಕ್ಕ

ಭದ್ರಾ ಅಚ್ಚುಕಟ್ಟಿನ ಕತ್ತಲಗೆರೆಯ ಮನೆಯೊಂದರಲ್ಲಿ ಎಂಟು ಕೊಡ ನೀರನ್ನು ಒಂದೇ ಹಂಡೆಗೆ ಸುರಿದು ಕಾಯಿಸುತ್ತೀರಿ ಎಂದುಕೊಳ್ಳಿ. ಒಂದು ಕೊಡಕ್ಕೆ ಬೇಕಾದ ಶಾಖದ ಎಂಟು ಪಟ್ಟು ಶಾಖ ಬೇಕು. ಇದರಲ್ಲೇನು ವಿಶೇಷ ಎನ್ನುವಿರಾ? ನೀರಿನ ಅಣು ಅಕ್ಕಪಕ್ಕದ ಅಣುಗಳ ಪ್ರಭಾವಕ್ಕಷ್ಟೇ ಒಳಗಾಗುತ್ತದೆ. ಹಂಡೆಯ ಇನ್ನೊಂದು ಬದಿಯ ಅಣು ಅದಕ್ಕೆ ಲೆಕ್ಕಕ್ಕಿಲ್ಲ. ಆದ್ದರಿಂದ ಭಾಗಗಳ ಶಕ್ತಿಯನ್ನು ಕೂಡಿದರೆ ಇಡಿಯ ಶಕ್ತಿ ದೊರೆಯುತ್ತದೆ. ಈ ಗುಣವೇ ಸಂಕಲನೀಯತೆ. ಅಸಂಖ್ಯ ಕಣಗಳ ಸರಾಸರಿ ವರ್ತನೆಯಿಂದ ತಾಪ, ಒತ್ತಡಗಳನ್ನು ವಿವರಿಸುವ ಸಾಂಖ್ಯಿಕ ಬಲವಿಜ್ಞಾನದ ಪಠ್ಯಗಳು ಸಾಮಾನ್ಯವಾಗಿ ಇದನ್ನು ಮೊದಲೇ ಒಪ್ಪಿಕೊಂಡಿರುತ್ತವೆ.

ಗುರುತ್ವ ಹಾಗಲ್ಲ. ಒಂದೇ ಬಗೆಯ ಎಂಟು ಅನಿಲ ಗೋಳಗಳನ್ನು ಸಾಂದ್ರತೆ ಬದಲಾಗದಂತೆ ಒಂದುಗೂಡಿಸಿದರೆ ದ್ರವ್ಯರಾಶಿ 8 ಪಟ್ಟು, ತ್ರಿಜ್ಯ 2 ಪಟ್ಟು ಆಗುತ್ತದೆ. ಗುರುತ್ವ ಶಕ್ತಿಯ ಪರಿಮಾಣವು ದ್ರವ್ಯರಾಶಿಯ ವರ್ಗಕ್ಕೆ ನೇರ ಅನುಪಾತದಲ್ಲೂ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಆದ್ದರಿಂದ ಅದು 64 ÷ 2, ಅಂದರೆ 32 ಪಟ್ಟಾಗುತ್ತದೆ! ಪ್ರತಿ ಕಣವೂ ಉಳಿದೆಲ್ಲ ಕಣಗಳನ್ನು ಸೆಳೆಯುವುದೇ ಇದಕ್ಕೆ ಕಾರಣ.

ಇದರ ಪರಿಣಾಮ ವಿಚಿತ್ರ. ತನ್ನ ಗುರುತ್ವದಿಂದಲೇ ಒಟ್ಟಾಗಿರುವ ಅನಿಲ ಗೋಳವು ಶಕ್ತಿಯನ್ನು ಕಳೆದುಕೊಂಡಂತೆ ಕುಗ್ಗಿ ಇನ್ನಷ್ಟು ಬಿಸಿಯಾಗುತ್ತದೆ. ಎಂದರೆ ಅದರ ಉಷ್ಣ ಸಾಮರ್ಥ್ಯ ಋಣಾತ್ಮಕ. ಲಿಂಡೆನ್-ಬೆಲ್ ಮತ್ತು ವುಡ್ 1968ರಲ್ಲಿ ಇದೇ ತತ್ತ್ವದಿಂದ ನಕ್ಷತ್ರಗುಚ್ಛಗಳ ಕೇಂದ್ರದ ಕುಸಿತವನ್ನು ವಿವರಿಸಿದರು.

ಹಾಗಾದರೆ ಯಾವ ಬಲ ದೂರವ್ಯಾಪ್ತಿಯದು? ಎರಡು ಕಣಗಳ ನಡುವಣ ಶಕ್ತಿಯು ದೂರದ ಯಾವ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದನ್ನು ನೋಡಬೇಕು. ಘಾತವು ಆಯಾಮಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ಬಲ ದೂರವ್ಯಾಪ್ತಿಯದು. ಗುರುತ್ವಕ್ಕೆ ಘಾತ 1, ಆಯಾಮ 3.

ಈ ಗಡಿಯ ಎರಡೂ ಬದಿಗಳನ್ನು ಗಣಿತದಿಂದ ಪರಿಶೀಲಿಸುವುದು ಸಂಶೋಧನಾ ವಿದ್ಯಾರ್ಥಿಗಳಿಗೆ ಒಳ್ಳೆಯ ವಿಷಯ. ಬೆಂಗಳೂರಿನ ಹೆಸರಘಟ್ಟ ಹೋಬಳಿಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ಸಂಶೋಧಕರು ಫ್ರಾನ್ಸ್, ಇಸ್ರೇಲ್‌ಗಳ ವಿಜ್ಞಾನಿಗಳೊಡನೆ 2019ರಲ್ಲಿ ಇಂಥದೊಂದು ಲೆಕ್ಕವನ್ನು ಬಿಡಿಸಿದರು. ತಂತಿಯ ಮೇಲೆ ಜಾರುವ ಮಣಿಗಳನ್ನು ಊಹಿಸಿಕೊಳ್ಳಿ. ಅವು ಒಂದನ್ನೊಂದು ದೂಡುತ್ತವೆ. ಸ್ಪ್ರಿಂಗಿನಂಥ ಬಲ ಎಲ್ಲವನ್ನೂ ನಡುವಿಗೆ ಸೆಳೆಯುತ್ತದೆ. ತಂತಿಗೆ ಒಂದೇ ಆಯಾಮ, ಆದ್ದರಿಂದ ಗಡಿ 1. ಘಾತ ಅದಕ್ಕಿಂತ ಹೆಚ್ಚಿದ್ದಾಗ ಒಂದು ಸೂತ್ರ, ಕಡಿಮೆಯಿದ್ದಾಗ ಇನ್ನೊಂದು. ಆದರೂ ಘಾತ 2 ಇದ್ದಾಗ ಮತ್ತು 0ಯನ್ನು ಸಮೀಪಿಸಿದಾಗ, ಎರಡು ಕಡೆಯೂ ಮಣಿಗಳ ಸಾಂದ್ರತೆಯ ನಕ್ಷೆ ಅರ್ಧವೃತ್ತವೇ! ನಕ್ಷೆಯ ಆಕಾರವನ್ನಷ್ಟೇ ನೋಡಿ ಬಲದ ವ್ಯಾಪ್ತಿಯನ್ನು ಹೇಳಲಾಗದು. ಭಾಗಗಳನ್ನು ಕೂಡುವ ಮುನ್ನ ಅದನ್ನು ಬೇರೆಯಾಗಿಯೇ ತಿಳಿಯಬೇಕು.