ವಿಳಾಸದಾರರಿಲ್ಲದ ಮಿಂಚಂಚೆ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಗೃಹಸ್ಥರೊಬ್ಬರು ತಮ್ಮ ಮನೆಯಲ್ಲಿರುವ ಹಳೆಯ ಕಡತಗಳ ವಿಷಯವಾಗಿ, ನಿವೃತ್ತ ಅಧ್ಯಾಪಕರೊಬ್ಬರ ವಿಶ್ವವಿದ್ಯಾನಿಲಯದ ಇ-ಮೇಲ್ ವಿಳಾಸಕ್ಕೆ ಪತ್ರ ಬರೆದರೆಂದು ಭಾವಿಸೋಣ. ಆ ಖಾತೆ ಈಗ ಬಳಕೆಯಲ್ಲಿಲ್ಲ. ಆ ಪತ್ರದ ಗತಿಯೇನು? ಚರಿತ್ರೆಯ ಆಧಾರಗಳನ್ನು ಅರಸುವ ನಮಗೆ ಇದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಕಾಗದದ ಅಂಚೆಯಲ್ಲಿ ವಿಳಾಸದಾರರು ದೊರೆಯದಿದ್ದರೆ, ಕಾರಣವನ್ನು ಲಕೋಟೆಯ ಮೇಲೆ ಬರೆದು ಕಳುಹಿಸಿದವರಿಗೆ ಹಿಂದಿರುಗಿಸುವ ಪದ್ಧತಿಯುಂಟು. ಮಿಂಚಂಚೆಯೂ ಇದೇ ಧರ್ಮವನ್ನು ಅಂಗೀಕರಿಸಿದೆ. 1982ರಲ್ಲಿ ಪ್ರಕಟವಾಗಿ 2008ರಲ್ಲಿ ಪರಿಷ್ಕೃತವಾದ ಎಸ್‌ಎಂಟಿಪಿ ನಿಯಮಾವಳಿಯಂತೆ, ಪತ್ರವನ್ನು ಒಪ್ಪಿಕೊಂಡ ಸರ್ವರ್ ಅದನ್ನು ತಲುಪಿಸಬೇಕು, ಇಲ್ಲವೆ ತಲುಪಲಿಲ್ಲವೆಂದು ತಿಳಿಸಬೇಕು.

ಕಳುಹಿಸುವ ಸರ್ವರ್ ಪತ್ರದ ಒಡಲಿಗಿಂತ ಮೊದಲು ವಿಳಾಸದಾರರ ಹೆಸರನ್ನು ಹೇಳುತ್ತದೆ. ಸ್ವೀಕರಿಸುವ ಸರ್ವರ್ ತನ್ನ ಪಟ್ಟಿಯನ್ನು ನೋಡಿ, ಒಪ್ಪಿದರೆ 250 ಎಂದೂ ಒಪ್ಪದಿದ್ದರೆ 550 ಎಂದೂ ಉತ್ತರ ಕೊಡುತ್ತದೆ. ಇದರೊಡನೆ 5.1.1 ಎಂದಿದ್ದರೆ ಅಂತಹ ವಿಳಾಸವೇ ಇಲ್ಲವೆಂದು ಅರ್ಥ, 5.2.1 ಎಂದಿದ್ದರೆ ಪೆಟ್ಟಿಗೆಯುಂಟು, ಆದರೆ ಅದನ್ನು ತಡೆಹಿಡಿಯಲಾಗಿದೆ ಎಂದು ಅರ್ಥ. ಹೀಗೆ ಬಾಗಿಲಲ್ಲೇ ನಿರಾಕರಿಸಿದರೆ, ಕಳುಹಿಸಿದವರಿಗೆ ಅವರ ಸರ್ವರೇ ಸಂಗತಿಯನ್ನು ತಿಳಿಸುತ್ತದೆ. ಮೊದಲು ಒಪ್ಪಿಕೊಂಡು ಆಮೇಲೆ ಹಿಂದಿರುಗಿಸುವ ಕ್ರಮದಲ್ಲಿ ತೊಡಕುಂಟು: ವಂಚಕರು ಅನ್ಯರ ಹೆಸರಿನಲ್ಲಿ ಬರೆದ ಪತ್ರಗಳ ಸೂಚನೆಗಳು ನಿರಪರಾಧಿಗಳ ಪೆಟ್ಟಿಗೆಯನ್ನು ತುಂಬುತ್ತವೆ.

ತಡೆಹಿಡಿದ ಖಾತೆಗಳ ವಿಷಯದಲ್ಲಿ ಎಲ್ಲ ಕಡೆಯೂ ಒಂದೇ ಪದ್ಧತಿಯಿಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಂತಹ ಖಾತೆಗೆ ಹೊಸ ಪತ್ರಗಳು ಸೇರುವುದಿಲ್ಲ. ಮೈಕ್ರೋಸಾಫ್ಟ್‌ನ ವ್ಯವಸ್ಥೆಯಲ್ಲಿ ಪ್ರವೇಶವನ್ನು ಮಾತ್ರ ನಿಷೇಧಿಸಿದರೆ ಪತ್ರಗಳು ಬಂದು ಸೇರುತ್ತಲೇ ಇರುತ್ತವೆ; ಓದುವವರು ಮಾತ್ರ ಇರುವುದಿಲ್ಲ. ಹಾರನಹಳ್ಳಿಯವರು ಉತ್ತರಕ್ಕಾಗಿ ವೃಥಾ ಕಾಯುವುದು ಇಂತಹ ಸಂದರ್ಭದಲ್ಲಿಯೇ. ಅಳಿಸಿದ ಖಾತೆಯನ್ನು ಮೊದಲನೆಯದರಲ್ಲಿ 20 ದಿನ, ಎರಡನೆಯದರಲ್ಲಿ ಸಾಮಾನ್ಯವಾಗಿ 30 ದಿನಗಳೊಳಗೆ ಮರಳಿ ಪಡೆಯಬಹುದು.

ಅಳಿದ ವಿಳಾಸವನ್ನು ಮತ್ತೊಬ್ಬರಿಗೆ ಕೊಡುವುದು ಇನ್ನೂ ಅಪಾಯಕರವಾದುದು. 2013ರಲ್ಲಿ ಯಾಹೂ ಸಂಸ್ಥೆ ಬಹುಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಹಂಚಿದಾಗ, ಹಳಬರಿಗೆ ಬರೆದ ಖಾಸಗಿ ಪತ್ರಗಳು ಹೊಸಬರ ಕೈಸೇರಿದುವು.

ಆದಕಾರಣ ಅಧ್ಯಾಪಕರು ನಿವೃತ್ತರಾದಾಗ, ಅವರ ಒಪ್ಪಿಗೆ ಪಡೆದು ಕೆಲವು ಕಾಲ ವಿಭಾಗದ ವ್ಯವಹಾರದ ಪತ್ರಗಳನ್ನು ವಿಭಾಗದ ವಿಳಾಸಕ್ಕೆ ತಿರುಗಿಸುವುದೂ, ಅನಂತರ ಕಾರಣಸಹಿತವಾಗಿ ನಿರಾಕರಿಸುವುದೂ, ಆ ವಿಳಾಸವನ್ನು ಬೇರಾರಿಗೂ ಕೊಡದಿರುವುದೂ ಯುಕ್ತವೆಂದು ನಮ್ಮ ಅಭಿಪ್ರಾಯ. ಪತ್ರ ತಲುಪಲಿಲ್ಲವೆಂದು ತಿಳಿದ ಹಾರನಹಳ್ಳಿಯವರು ವಿಭಾಗಕ್ಕೆ ಮತ್ತೊಮ್ಮೆ ಬರೆದಾರು; ತಿಳಿಯದೆ ಹೋದರೆ ಆ ಕಡತಗಳ ಸುದ್ದಿ ನಮ್ಮನ್ನು ಎಂದಿಗೂ ಮುಟ್ಟದೆ ಹೋದೀತು.